ಔಟ್ ಅಂದ ಮೇಲೆ

ನಮ್ಮ ಓಣಿಯಲ್ಲಿ ಕ್ರಿಕೆಟ್ ಗೊತ್ತಿಲ್ಲದವರ ಬಾಯಲ್ಲೂ ಔಟ್ ಅನ್ನುವ ಮಾತಿದೆ. ಬಲ್ಬ್ ಸುಟ್ಟರೆ ಔಟ್, ಪರೀಕ್ಷೆಯಲ್ಲಿ ನಪಾಸಾದರೆ ಔಟ್, ಚುನಾವಣೆಯಲ್ಲಿ ಬಿದ್ದವನೂ ಔಟ್. ಮುದುಕರು ಸತ್ತರೂ ಅದನ್ನೇ ಅನ್ನುತ್ತಾರೆ. ನಾನು ಮೂರನೆಯ ಇಯತ್ತೆ ಕಲಿತವಳು, ನಾನೂ ಅಂದಿದ್ದೇನೆ.

ಹೋದ ವರ್ಷ ಹಿಂಗಾರಿ ಜೋಳ ಕೊಯ್ಯುವ ದಿನಗಳಲ್ಲಿ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಅನ್ನ ನೀರು ಬಿಟ್ಟು ನಾಲ್ಕು ದಿನ ಮಲಗಿದ್ದಳು. ಐದನೆಯ ಬೆಳಿಗ್ಗೆ ಅವಳ ಕಣ್ಣು ಮೇಲೆ ಸಿಕ್ಕಿಕೊಂಡವು. ಅವಳ ಮಗ ಬೈಲಹೊಂಗಲದ ಡಾಕ್ಟರನ್ನು ಕರೆಯಲಿಲ್ಲ, ಎದುರುಮನೆಯವನನ್ನು ಕರೆದ. ಊರ ಮ್ಯಾಚುಗಳಿಗೆಲ್ಲ ಅವನೇ ಅಂಪೈರ್. ಅವನು ಬೆರಳೆತ್ತಿದರೆ ಯಾರೂ ತಿರುಗಿ ಮಾತಾಡುವುದಿಲ್ಲ. ಅದೇ ರೂಢಿಯಲ್ಲಿ, ಸಾಯುವವರ ನಾಡಿ ನೋಡುವುದಕ್ಕೂ ಅವನೇ. ಮೂಗಿನ ಮುಂದೆ ಬೆರಳಿಟ್ಟ. ಮುಂಗೈ ಹಿಡಿದ.

"ಔಟ್ ಆತ್ರಿ ಕಾಕೂ," ಅಂದ ನನಗೆ.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ಅರಿವೆಯಿಂದ ಕಟ್ಟಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಅವರ ಲಿಂಗ ಇಡುತ್ತೇವೆ. ಕುಣಿಯಲ್ಲೂ ಹಾಗೇ ಕೂಡಿಸಿ ಮಣ್ಣು ಕೊಡುವುದು. ಗಂಡಸರು ಹೊಲಕ್ಕೆ ಕುಣಿ ತೋಡಲು ಹೋದರು. ಲಿಂಗ ಜಾರದಂತೆ ಆ ಅಂಗೈ ಹಿಡಿದು ಕೂಡುವ ಕೆಲಸ ನನಗೆ ಬಂತು.

ಮಧ್ಯಾಹ್ನವಾಯಿತು. ಇನ್ನೊಂದು ತಾಸಿಗೆ ಅವಳನ್ನು ಎತ್ತುವುದಿತ್ತು. ಹೆಂಗಸರು ಅತ್ತು ದಣಿದು ಸುಮ್ಮನಾಗಿದ್ದರು. ಆಗ ಅವಳ ಬೆರಳು ಲಿಂಗದ ಮೇಲೆ ಮೆಲ್ಲಗೆ ಮುಚ್ಚಿಕೊಂಡವು. ಬಿಡಿಸಿದೆ. ಮತ್ತೆ ಮುಚ್ಚಿಕೊಂಡವು.

"ಈಕಿ ಅದಾಳ," ಅಂದೆ.

ಹೂವಿನ ಮಾಲೆ ತಂದಿದ್ದ ಅಂಪೈರ್ ಬಾಗಿಲಲ್ಲೇ ನಿಂತ. "ಹೆಣದ ಕೈ ಬಿಗೀತೈತ್ರಿ ಕಾಕೂ. ಹಂಗಽ ಆಗತೈತಿ."

"ಬಿಗಿಯೂದು ಬ್ಯಾರೆ, ಹಿಡಿಯೂದು ಬ್ಯಾರೆ. ಇದು ನಿನ್ನ ಮ್ಯಾಚ್ ಅಲ್ಲ, ಬಾಯಿ ಮುಚ್ಚು."

ನನ್ನ ಕಣ್ಣಿನ ಚಾಳೀಸು ತೆಗೆದು ಅವಳ ಮೂಗಿಗೆ ಹಿಡಿದೆ. ಗಾಜು ಮಬ್ಬಾಯಿತು. ಸೆರಗಿನಿಂದ ಒರೆಸಿ ಮತ್ತೆ ಹಿಡಿದೆ. ಮತ್ತೆ ಮಬ್ಬು. ಜನ ಹತ್ತಿರ ಬರಬೇಕಿತ್ತು. ಎಲ್ಲರೂ ಹಿಂದೆ ಸರಿದರು. ಕುಣಿ ಮುಗಿಸಿ ಬಂದಿದ್ದ ಮಗನೂ ಸರಿದ. ಕಟ್ಟಿದ ಅರಿವೆಯನ್ನು ನಾನೊಬ್ಬಳೇ ಬಿಚ್ಚಿದೆ. ಬಾಯಿಗೆ ಒಂದು ಹನಿ ನೀರು ಬಿಟ್ಟೆ. ನುಂಗಿದಳು.

ಸಂಜೆಗೆ ಗಂಜಿ ಕುಡಿದಳು. ಆದರೆ ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದಂತೆ. ಅದು ಮನೆಯವರನ್ನೇ ಕಾಯುತ್ತ ಕೂಡುತ್ತದಂತೆ. ಹಿರಿಯರು ಬಾಳೆದಿಂಡು ತರಿಸಿ, ಕುಂತ ಹೆಂಗಸಿನ ಎತ್ತರಕ್ಕೆ ಕಡಿದು, ಅವಳದೇ ಸೀರೆ ಸುತ್ತಿ, ವಿಭೂತಿ ಹಚ್ಚಿದರು. ಮಗ ಅದನ್ನು ತೋಳಲ್ಲಿ ಎತ್ತಿಕೊಂಡು ಪಡಸಾಲೆ ದಾಟುವಾಗ ಅವಳು ಗೋಡೆಗೆ ಆನಿಕೊಂಡು ನೋಡುತ್ತಿದ್ದಳು.

"ಯಾರ್ದ ಅದು, ತಂಗಿ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ.

"ನಿಂದಽ, ಅಕ್ಕಾ."

ಸೀರೆಯ ಅಂಚನ್ನು ಗುರುತು ಹಿಡಿದಳೆಂದು ಕಾಣುತ್ತದೆ. ಎರಡೂ ಕೈ ಎತ್ತಿ ಮುಗಿದಳು. ದಿಂಡು ಹೊಸ್ತಿಲು ದಾಟಿ ಹೋಗುವ ತನಕ ಇಳಿಸಲಿಲ್ಲ.