ಯಶೋದಮ್ಮನ ಗುಂಪು ಬೇರೆಯವರ ಗದ್ದೆ ನೆಟ್ಟ ದಿನ

ಸೊಸೆಯಾದವಳು ಅತ್ತೆಯನ್ನು ಹೊಗಳಿ ಬರೆದರೆ ಜನ ಎರಡೇ ಕಾರಣ ಹುಡುಕುತ್ತಾರೆ. ಒಂದೋ ಅತ್ತೆ ತೀರಿಕೊಂಡಿರಬೇಕು, ಇಲ್ಲವೇ ಆಸ್ತಿ ಇನ್ನೂ ಅತ್ತೆಯ ಹೆಸರಿನಲ್ಲಿರಬೇಕು. ನನ್ನ ಅತ್ತೆ ಯಶೋದಮ್ಮ ಎರಡು ಮಂಡಿಗಳನ್ನು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾರೆ. ಅವರ ಹೆಸರಿನಲ್ಲಿ ಇರುವುದು ಒಂದು ಹಸು, ಅದೂ ಒದೆಯುತ್ತದೆ. ಆದ್ದರಿಂದ ನಾನು ಹೇಳುವುದನ್ನು ನೀವು ನಂಬಬಹುದು.

ನಮ್ಮ ಕೊಪ್ಪದಲ್ಲಿ ನಾಟಿ ಹೆಂಗಸರ ಒಂದು ಗುಂಪಿದೆ, ಹದಿನಾಲ್ಕು ಜನ. ನಾಲೆಗೆ ನೀರು ಬಿಟ್ಟ ಮೇಲೆ ಭತ್ತದ ಪೈರು ನೆಡಲು ಯಾವ ದಿನ ಯಾರ ಗದ್ದೆಗೆ ಹೋಗಬೇಕು ಎಂದು ಮೂವತ್ತು ವರ್ಷದಿಂದ ಗೊತ್ತು ಮಾಡುತ್ತಾ ಬಂದವರು ನನ್ನ ಅತ್ತೆ. ಇದಕ್ಕೆ ಹುದ್ದೆಯಿಲ್ಲ, ಬೋರ್ಡಿಲ್ಲ. ಪಂಚಾಯಿತಿ ಚುನಾವಣೆಗೆ ನಿಲ್ಲಿ ಎಂದು ಕೇಳಲು ಬಂದ ನಾಲ್ಕು ಜನರಿಗೆ ಕಾಫಿ ಕೊಟ್ಟು, ಅವರ ಕೈಯಲ್ಲೇ ಒಂದು ಗಾಡಿ ಹುಲ್ಲು ಇಳಿಸಿಕೊಂಡು ಕಳಿಸಿದ್ದರು.

ಗುಂಪಿನಲ್ಲಿ ಒಂದು ಪದ್ಧತಿ ಉಂಟು. ಯಾರಾದರೂ ಬಾಣಂತಿಯಾದರೆ, ಕೈಕಾಲು ಮುರಿದುಕೊಂಡರೆ, ಆ ವರ್ಷದ ಮೊದಲ ನಾಟಿ ಅವಳ ಗದ್ದೆಯಲ್ಲಿ. ಕೂಲಿಯ ಮಾತಿಲ್ಲ, ಟೀ ಮಾತ್ರ ಅವಳದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ದಂಗಾಗಿ, ಮದ್ದೂರಿನ ಶಾಲೆಯಲ್ಲಿ ಪಾಠ ಹೇಳುವವಳ ಗತ್ತಿನಲ್ಲಿ, "ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀರಾ ಅತ್ತೆ?" ಎಂದು ಕೇಳಿದ್ದೆ.

"ಬರ್ದಿಟ್ರೆ ಓದೋಕೆ ನಿನ್ನೇ ಕರೀಬೇಕು. ಉಪ್ಪಿಟ್ಟು ಸೀದೋಗ್ತಾ ಐತೆ, ನೋಡೋಗು," ಎಂದರು.

ಈ ವರ್ಷ ಡಾಕ್ಟರು ಅವರ ಮಂಡಿಯ ಫೋಟೊ ನೋಡಿ, ಇನ್ನು ಕೆಸರಿಗೆ ಇಳಿಯಬಾರದು ಎಂದುಬಿಟ್ಟರು. ಅತ್ತೆಗೆ ಮಂಡಿಯ ಚಿಂತೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆಲ್ಲ ನಮ್ಮ ಊರ ಸರ್ಕಲ್ಲಿಗೆ ಕೂಲಿಯವರನ್ನು ತುಂಬಿಕೊಳ್ಳುವ ಟೆಂಪೊಗಳು ಬಂದು ನಿಲ್ಲುತ್ತವೆ. ಅವುಗಳ ಚಿಂತೆ.

"ನಾನಿಲ್ಲ ಅಂದ್ರೆ ಒಬ್ಬೊಬ್ಳು ಒಂದೊಂದು ಟೆಂಪೊ ಅತ್ಕೊಂಡು ಓಯ್ತಾರೆ ಕಣವ್ವ. ಆಮೇಲೆ ಕೈ ಮುರ್ಕೊಂಡೋಳ ಗದ್ದೇನ ಯಾರ್ ನೋಡ್ತಾರೆ?"

ಹೀಗೆಂದವರು ಗುಂಪನ್ನು ಯಾರ ಕೈಗೆ ಕೊಟ್ಟರು ಗೊತ್ತೇ? ಅಮೃತಳ ಕೈಗೆ. ಗುಂಪಿಗೆ ಸೇರಿ ಏಳು ವರ್ಷವಾದರೂ ಈ ಹುಡುಗಿ ಬಾಯಿಬಿಟ್ಟು ಏಳು ಮಾತಾಡಿದ್ದನ್ನು ಕೇಳಿದವರಿಲ್ಲ. ನನಗೆ ಸಿಟ್ಟೇ ಬಂತು. ಮಾತು ಬರುವವರು ಹನ್ನೆರಡು ಜನ ಇದ್ದರಲ್ಲ.

"ಪಕ್ಕದೋಳು ಇಂದೆ ಬಿದ್ರೆ ಅವಳ ಪಾಲಿಂದೂ ನಾಕು ಪೈರು ನಟ್ಟು ಮುಂದಕ್ಕೋಯ್ತಾಳೆ. ಯಾರ್ಗೂ ಏಳಲ್ಲ. ನಂಗೆ ಅಷ್ಟು ಸಾಕು," ಎಂದರು ಅತ್ತೆ.

ಅಮೃತಳ ಮೊದಲ ದಿನ ಒಂದು ಭಾನುವಾರ. ಗುಂಪಿನವರೆಲ್ಲ ಬೀಬಮ್ಮ ಎಂದು ಕರೆಯುವ ಬಿಬಿ ಜಾನ್ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದರಿಂದ, ಪದ್ಧತಿಯಂತೆ ಮೊದಲ ನಾಟಿ ಅವರ ಅರ್ಧ ಎಕರೆಗೆ. ಶನಿವಾರ ಸಂಜೆಯೇ ಹೆಂಗಸರು ಪೈರು ಕಿತ್ತು ಕಟ್ಟು ಕಟ್ಟಿದ್ದರು. ಅದನ್ನು ಗದ್ದೆಗೆ ಸಾಗಿಸುವ ಕೆಲಸ ಬಿಬಿ ಜಾನರ ಮಗ ಇಲ್ಯಾಸನದು. ಇಲ್ಯಾಸ್ ಬೈಕ್ ಮೆಕ್ಯಾನಿಕ್. ಸದ್ದು ಕೇಳಿಯೇ ಯಾವ ಬೈಕಿಗೆ ಏನಾಗಿದೆ ಎಂದು ಹೇಳಬಲ್ಲ, ಆದರೆ ಉಳುಮೆ ಮಾಡಿ ನೀರು ಕಟ್ಟಿದ ಗದ್ದೆಗಳೆಲ್ಲ ಅವನಿಗೆ ಒಂದೇ. ನಾಲೆಯ ಈ ಕಡೆ ಇಳಿಸಬೇಕಾದ ಕಟ್ಟುಗಳನ್ನು ನಾಲೆಯ ಆ ಕಡೆ ಅಷ್ಟೇ ದೊಡ್ಡದಾಗಿದ್ದ ಇನ್ನೊಂದು ಗದ್ದೆಗೆ ಇಳಿಸಿ, ಆರಾಮವಾಗಿ ಗ್ಯಾರೇಜಿಗೆ ಹೋದ.

ಹೆಂಗಸರಿಗೆ ಅನುಮಾನ ಬರಲಿಲ್ಲವೇ ಎಂದರೆ, ಬಂತು. "ಓದ ವರ್ಷ ಆ ಕಡೆ ನಟ್ಟಿದ್ವಲ್ಲ" ಎಂದು ಇಬ್ಬರು ಮೂವರು ಗೊಣಗಿದರಂತೆ. ಆದರೆ ಯಶೋದಮ್ಮನ ಇನ್ನೊಂದು ಕಾನೂನಿದೆ: ಕಟ್ಟು ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಇಳಿ, ಹೊತ್ತು ಕಳೆಯಬೇಡ. ಬೀಬಮ್ಮ ಇದನ್ನೂ ಗುತ್ತಿಗೆಗೆ ಹಿಡಿದಿರಬೇಕು ಎಂದುಕೊಂಡು ಎಲ್ಲರೂ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ತಮ್ಮ ಕಣ್ಣಿಗಿಂತ ನನ್ನ ಅತ್ತೆಯ ಮಾತಿನ ಮೇಲೆ ಅವರಿಗೆ ಹೆಚ್ಚು ನಂಬಿಕೆ.

ಹತ್ತೂವರೆಗೆ ಬಿಬಿ ಜಾನ್ ಬ್ಯಾಂಡೇಜಿನ ಕೈಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಟೀ ಕ್ಯಾನು ಹಿಡಿದು ತಮ್ಮ ಗದ್ದೆಗೆ ಬಂದರೆ ಅಲ್ಲಿ ಎರಡು ಕೊಕ್ಕರೆ ಬಿಟ್ಟು ಯಾರೂ ಇಲ್ಲ. ನಾಲೆಯಾಚೆ ನೋಡಿದರೆ ಹನ್ನೆರಡು ಬೆನ್ನು ಬಗ್ಗಿವೆ, ಮುಕ್ಕಾಲು ಗದ್ದೆ ಹಸಿರಾಗಿದೆ. ಅದು ಮಹದೇವು ಈ ವರ್ಷ ಹೊಸದಾಗಿ ಗುತ್ತಿಗೆಗೆ ಹಿಡಿದಿದ್ದ ಗದ್ದೆ. ಮಹದೇವು ಎಂದರೆ ತನ್ನ ಎಮ್ಮೆಗೂ ಕಾರಣ ಕೇಳಿ ನೋಟಿಸು ಕೊಡುವಂಥ ಮನುಷ್ಯ. ಅಲ್ಲಿ ರಾಜಮುಡಿ ಭತ್ತ ಬೆಳೆಯುತ್ತೇನೆಂದು ತಿಂಗಳಿಂದ ಊರಿಗೆಲ್ಲ ಡಂಗುರ ಹೊಡೆದಿದ್ದ.

ಅಮ್ಮನ ಫೋನು ಬಂದದ್ದೇ ಇಲ್ಯಾಸ್ ಗದ್ದೆಗೆ ಹೋಗದೆ ನೇರ ನಮ್ಮ ಮನೆಗೆ ಓಡಿಬಂದ. ವಿಷಯ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

"ಆ ಹುಡುಗಿ ಮೊದ್ಲನೇ ದಿನಾನೇ ಅತ್ಕೊಂಡು ಮನೆ ಸೇರ್ಕೊಂಡ್ರೆ ಗುಂಪು ಇವತ್ತಿಗೇ ಮುಗೀತು. ತೆಗಿ ಸ್ಕೂಟರು," ಎಂದರು.

ಅವಸರದಲ್ಲಿ ನಾನು ಸ್ಕೂಟರನ್ನು ನಾಲೆಯ ಈ ಕಡೆ ತಂದು ನಿಲ್ಲಿಸಿದೆ. ಆ ಕಡೆಗೆ ಹೋಗಬೇಕೆಂದರೆ ಮೋರಿಯ ತನಕ ಸುತ್ತಿ ನಡೆಯಬೇಕು. ಅತ್ತೆ ನನ್ನನ್ನು ಬೈಯುತ್ತ, ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುತ್ತ ನಡೆದರು. ಮಹದೇವು ಬದುವಿನ ಮೇಲೆ ನಿಂತು ಕೂಗಾಡುತ್ತಿದ್ದುದು ನಮಗೆ ಅಕ್ಷರ ಬಿಡದೆ ಕೇಳುತ್ತಿತ್ತು.

"ಯಾರ್ನ ಕೇಳಿ ಇಳಿದ್ರಿ? ನಿಮ್ಗೇನ್ ಕಣ್ ಇಂಗೋಗಿದ್ವಾ?"

ಸಾಲಿನ ನಡುವಿನಿಂದ ಒಂದು ತಲೆ ಮೇಲೆದ್ದಿತು. ಅದು ದೇವಿರಮ್ಮ, ಮಹದೇವುವಿನ ಹೆಂಡತಿ.

"ಇದು ನಮ್ ಗದ್ದೆನಾ?" ಎಂದಳು.

ಮಹದೇವು ಬದುವಿನ ಅಂಚಿಗೆ ಬಂದು ಬಗ್ಗಿ ನೋಡಿದ. "ಲೇ, ನೀನೂ ನಟ್ಯಾ?"

"ನೀನೇನು ತೋರ್ಸಿದ್ಯಾ? ಗುತ್ಗೆಗೆ ಇಡ್ದಿವ್ನಿ ಅಂದೆ, ಯಾವ್ದು ಅಂತ ಅಂದ್ಯಾ?"

ಹೆಂಗಸರ ನಗು ಒಬ್ಬರಿಂದೊಬ್ಬರಿಗೆ ಹತ್ತಿಕೊಂಡಿತು. ಒಬ್ಬಳು ಕೆಸರಲ್ಲಿ ಕೂತೇಬಿಟ್ಟಳು. ಮೋರಿ ಸುತ್ತಿ ಆಗಲೇ ಅಲ್ಲಿಗೆ ಬಂದಿದ್ದ ಬಿಬಿ ಜಾನರ ಟೀ ಅರ್ಧ ನಾಲೆ ಪಾಲಾಯಿತು. ನಾನಂತೂ ಮೋರಿಯ ಕಲ್ಲು ಹಿಡಿದುಕೊಂಡು ನಿಂತೆ. ನಗುವಿಗೆ ಮಹದೇವು ಇನ್ನಷ್ಟು ಕೆರಳಿದ. "ಎಲ್ಲಾನೂ ಕಿತ್ತಾಕಿ, ಈಗ್ಲೇ," ಎಂದು ಗದ್ದೆಗೆ ಕಾಲಿಟ್ಟ.

ಆಗ ಅಮೃತ ಅವನ ಎದುರಿಗೆ ಬಂದು ನಿಂತಳು.

"ತಪ್ಪು ನಂದು ಮಾದೇವಣ್ಣ. ಕಟ್ ನೋಡಿ ಇಳಿಸ್ದೆ, ಗದ್ದೆಯೋರ್ನ ಕೇಳ್ನಿಲ್ಲ. ಇಲ್ಯಾಸಣ್ಣನ್ನ ಏನೂ ಅನ್ಬ್ಯಾಡಿ. ಇನ್ಮೇಲೆ ಕೇಳ್ದೆ ಇಳಿಯಲ್ಲ."

"ತಪ್ಪು ಅಂದ್ಬುಟ್ರೆ ನನ್ ರಾಜಮುಡಿ ಎಲ್ ನಡ್ಲಿ?"

"ಬೀಬಮ್ಮನ ಗದ್ದೆ ಖಾಲಿ ಐತಲ್ಲ. ನಿಮ್ ಪೈರ ಈಗ್ಲೇ ಕಿತ್ತು ಅಲ್ಲಿ ನಟ್ಕೊಡ್ತೀವಿ, ಕೂಲಿ ಬ್ಯಾಡ. ಒಂದ್ ಬೆಳೆಗೆ ಗದ್ದೆ ಅದ್ಲುಬದ್ಲು. ಕುಯ್ಲಲ್ಲಿ ನಿಮ್ದು ನಿಮ್ಗೆ, ಅವ್ರದು ಅವ್ರಿಗೆ."

"ನಾನು ಇಲ್ಲಿಗೆ ಗೊಬ್ರ ಆಕಿದ್ದೀನಿ."

"ಬೀಬಮ್ಮ ಅಲ್ಲಿಗೆ ಕುರಿ ಗೊಬ್ರ ಆಕವ್ರೆ. ಲಾಭ ನಿಮ್ಗೇ."

ಮಹದೇವು ಮತ್ತೆ ಬೈಯಲು ಬಾಯಿ ತೆರೆದ. ಬಿಬಿ ಜಾನ್ ಉಳಿದ ಟೀಯನ್ನು ಲೋಟಕ್ಕೆ ಬಗ್ಗಿಸಿ ಅವನ ಕೈಗಿಟ್ಟರು. ಕುಡಿಯುವ ತನಕ ಬೈಯಲಾಗುವುದಿಲ್ಲ. ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಗುಂಪು ಅವನ ಒಟ್ಲು ಪಾತಿಯಲ್ಲಿ ಪೈರು ಕೀಳುತ್ತಿತ್ತು, ದೇವಿರಮ್ಮ ಎಲ್ಲರಿಗಿಂತ ಮುಂದೆ.

ನಾವು ಬದು ತಲುಪಿದಾಗ ಮಾಡಲು ಏನೂ ಉಳಿದಿರಲಿಲ್ಲ. ಯಾರೂ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಮಹದೇವುವಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಅತ್ತೆ ಆ ಮಾತುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ನಿಂತಿದ್ದರು.

"ನನ್ ಕಾನೂನ್ನೇ ತೆಗ್ದಾಕ್ಬುಟ್ಲು ನೋಡು," ಎಂದು ನನ್ನ ತೋಳು ಚಿವುಟಿದರು. ಅಷ್ಟು ಖುಷಿಯಾದ ಅವರ ಮುಖವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಇಳಿಯಲು ಒಂದು ಕಾಲು ಮುಂದಿಟ್ಟರು. ಪೈರಿನ ಕಟ್ಟು ಹೊತ್ತು ಬರುತ್ತಿದ್ದ ಅಮೃತ ಅಲ್ಲಿಂದಲೇ ಹೇಳಿದಳು.

"ಯಸೋದಕ್ಕ, ನೀವ್ ಇಳೀಬ್ಯಾಡಿ. ಕೂತ್ಕಳಿ."

ಮೂವತ್ತು ವರ್ಷದಲ್ಲಿ ಆ ಗುಂಪಿನಲ್ಲಿ ಯಾರೂ ಅವರಿಗೆ ಕೂತುಕೊಳ್ಳಿ ಎಂದಿರಲಿಲ್ಲ. ಡಾಕ್ಟರ ಮಾತು ಕೇಳದವರು, ಗಂಡನ ಮಾತು ಕೇಳದವರು, ನನ್ನ ಮಾತಂತೂ ಕೇಳುವ ಪ್ರಶ್ನೆಯೇ ಇಲ್ಲ. ಅತ್ತೆ ಒದ್ದೆ ಬದುವಿನ ಮೇಲೆ ಮೆಲ್ಲಗೆ ಕೂತರು. ಕಣ್ಣು ಒರೆಸಿಕೊಂಡು, ಉಳಿದಿದ್ದರೆ ನನಗೂ ಒಂದು ಲೋಟ ಟೀ ಕೊಡಿ ಎಂದು ಬಿಬಿ ಜಾನರನ್ನು ಕೇಳಿದರು.