ಹಳೆ ಕಂಪ್ಯೂಟರಿನೊಳಗಿನ ಗುಡ್ಡ

ತಮ್ಮನಿಗೆ ಬುದ್ಧಿ ಹೇಳಿ ಬರೋಣವೆಂದು ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೈಲಹೊಂಗಲದಿಂದ ಸವದತ್ತಿಗೆ ಹೋದೆ.

ತಮ್ಮ ಎಂದರೆ ಸಣ್ಣವನಲ್ಲ. ಮಲ್ಲಿಕಾರ್ಜುನನಿಗೆ ನಲವತ್ತು ದಾಟಿದೆ. ಮೀಸೆಯಲ್ಲಿ ಬಿಳಿ ಕೂದಲು ಇಣುಕಿವೆ. ಅಂಥವನ ಮೇಲೆ ಅವನ ಹೆಂಡತಿ ಸುನಂದಾ ಫೋನಿನಲ್ಲಿ ಹೇಳಿದ ದೂರು ಏನು ಗೊತ್ತೇ? ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುತ್ತಾನಂತೆ.

(ನಗಬೇಡಿ. ಮೊಬೈಲಿನಲ್ಲಿ ಒಬ್ಬರೇ ಇಸ್ಪೀಟು ಆಡುತ್ತಾ ಕೂರುವ ಹಿರಿಯರು ನಿಮ್ಮ ಮನೆಯಲ್ಲೂ ಇರುತ್ತಾರೆ.)

"ಅಕ್ಕಾರ, ನೀವರ ಬಂದು ಒಂದ್ ಮಾತ ಹೇಳ್ರಿ. ನನ್ನ ಮಾತ ಕೇಳವಲ್ರು," ಎಂದಿದ್ದಳು. ದನಿ ಸಣ್ಣಗಾಗಿತ್ತು. ಸುನಂದಾ ಸುಮ್ಮಸುಮ್ಮನೆ ದೂರು ಹೇಳುವ ಹೆಣ್ಣಲ್ಲ. ಅದಕ್ಕೇ ಹೊರಟೆ.

ಸವದತ್ತಿ ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಮಲ್ಲಿಕಾರ್ಜುನ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಅವನು ತಂದ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಸಿದ್ಧ ಮಾಡುವುದು ಸುನಂದಾಳ ಕೆಲಸ. ಅದಕ್ಕೆಂದು ಎಷ್ಟೋ ವರ್ಷಗಳ ಹಿಂದೆ ಒಂದು ಒಳ್ಳೆಯ ಕಂಪ್ಯೂಟರ್ ಕೊಂಡಿದ್ದರು. ಆಗ ಒಳ್ಳೆಯದು. ಈಗ ಅದು ಮುದುಕ. ಶುರುವಾಗಲು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಬೇಕು.

'ಹೋಗುತ್ತಿದ್ದ' ಎಂದು ಬರೆದೆನಲ್ಲ, ಅದನ್ನು ಹೇಳಬೇಕು.

ಮಲ್ಲಿಕಾರ್ಜುನನ ಕಣ್ಣು ಹೋಗುತ್ತಿದೆ. ಮೊದಲು ಕತ್ತಲಲ್ಲಿ ಕಾಣುವುದು ನಿಂತಿತು. ಸಂಜೆಯ ಮೇಲೆ ಸುನಂದಾಳ ಭುಜ ಹಿಡಿದು ನಡೆಯುವುದು ರೂಢಿಯಾಯಿತು. ಆಮೇಲೆ ದೃಷ್ಟಿಯ ಅಂಚುಗಳು ಸುತ್ತಲಿಂದಲೂ ಮುಚ್ಚುತ್ತಾ ಬಂದವು. ಒಂದು ಪೈಪಿನೊಳಗಿಂದ ನೋಡಿದ ಹಾಗೆ ನಟ್ಟ ನಡುವಿನದು ಮಾತ್ರ ಕಾಣುತ್ತದೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಇದಕ್ಕೆ ಔಷಧಿ ಇಲ್ಲ, ಪೈಪು ಇನ್ನೂ ಸಣ್ಣದಾಗುತ್ತಾ ಹೋಗುತ್ತದೆ ಎಂದು ಡಾಕ್ಟರು ಮೆತ್ತಗೆ ಹೇಳಿದರು.

ವಿಚಿತ್ರವೆಂದರೆ ಅಂಚು ಮುಚ್ಚುತ್ತಿದ್ದುದು ಅವನಿಗೆ ಬಹಳ ದಿನ ಗೊತ್ತೇ ಆಗಿರಲಿಲ್ಲ. ದಿನವಿಡೀ ಕ್ಯಾಮೆರಾದ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟವನಿಗೆ ಅಂಚು ಕಳೆದುಹೋಗಿದ್ದು ತಿಳಿಯುವುದಾದರೂ ಹೇಗೆ? ತಿಳಿದದ್ದು ಸಿರಸಂಗಿಯ ಒಂದು ಮದುವೆಯಲ್ಲಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಹಿಂದಕ್ಕೆ ಸರಿಯುತ್ತಾ ಹೋದವನು ಪಕ್ಕದಲ್ಲೇ ಕುಳಿತಿದ್ದ ಮದುಮಗಳ ಅಜ್ಜಿಯ ಮೇಲೆ ಬಿದ್ದ. ಅಜ್ಜಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅವನು ಮನೆಗೆ ಬಂದು ಕ್ಯಾಮೆರಾ ಇಟ್ಟವನು ಮತ್ತೆ ಎತ್ತಲಿಲ್ಲ. ಈಗ ಶೂಟಿಂಗಿಗೆ ಬೇರೆಯವರನ್ನು ಕಳಿಸುತ್ತಾರೆ. ಸ್ಟುಡಿಯೋ ನಡೆಯುತ್ತಿರುವುದು ಸುನಂದಾಳ ಎಡಿಟಿಂಗ್ ಮೇಲೆ. ಎಡಿಟಿಂಗ್ ನಡೆಯುತ್ತಿರುವುದು ಆ ಮುದುಕ ಕಂಪ್ಯೂಟರಿನ ಮೇಲೆ.

ಇಂಥ ಕಂಪ್ಯೂಟರಿನಲ್ಲಿ ಅವನು ಹೊಸ ಗೇಮ್ ಒಂದನ್ನು ಹಾಕಿಕೊಂಡಿದ್ದ.

ನನಗೆ ಗೇಮ್ ಎಂದರೆ ಏನೂ ತಿಳಿಯದು. ನಾನು ಕಾಲೇಜಿನ ಲೈಬ್ರರಿಯನ್. ಪುಸ್ತಕದ ಧೂಳು ಗೊತ್ತು, ಅಷ್ಟೇ. ಸುನಂದಾಳೇ ವಿವರಿಸಿದಳು. ಒಬ್ಬ ಕುದುರೆ ಸವಾರ ದೊಡ್ಡದೊಂದು ನಾಡಿನಲ್ಲಿ ತಿರುಗಾಡುವ ಆಟವಂತೆ. ಅದರ ಮೊದಲ ಭಾಗವನ್ನು ಇವನು ಮದುವೆಯಾದ ಹೊಸದರಲ್ಲಿ ಇದೇ ಕಂಪ್ಯೂಟರಿನಲ್ಲಿ ಆಡಿ ಮುಗಿಸಿದ್ದ. ಎರಡನೆಯದು ಬರಲು ವರ್ಷಗಟ್ಟಲೆ ಹಿಡಿಯಿತು. ಈಗ ಬಂದಿದೆ. ಆದರೆ ಆ ಆಟ ನಡೆಯಲು ಇಂತಿಂಥ ಶಕ್ತಿಯ ಕಂಪ್ಯೂಟರ್ ಬೇಕೆಂದು ಮಾಡಿದವರೇ ಹೇಳಿದ್ದಾರೆ. ಅವರು ಹೇಳಿದ ಒಂದು ಗುಣವೂ ಈ ಮುದುಕನಿಗಿಲ್ಲ. ಆಟ ಹಚ್ಚಿದರೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ, ಡಬ್ಬಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಕೊನೆಗೆ ಎಲ್ಲಾ ನಿಂತುಹೋಗುತ್ತದೆ. ಹಿಂದಿನ ವಾರ ಹಾಗೆ ನಿಂತಾಗ ನೇಸರಗಿಯ ಒಂದು ಮದುವೆಯ ಅರ್ಧ ಕೆಲಸ ಅಳಿಸಿಹೋಯಿತಂತೆ. ಸುನಂದಾ ಮೊದಲಿನಿಂದ ಕೂತು ಮಾಡಬೇಕಾಯಿತು.

"ಇದು ಸುಟ್ಟು ಹೋತಂದ್ರ ನಾ ಏನ್ ಮಾಡ್ಲಿ ಅಕ್ಕಾರ? ಮಂದಿ ಮದುವಿ ಇದರಾಗ ಅದಾವು," ಎಂದಳು.

ನ್ಯಾಯವಾದ ಮಾತು. ಊಟ ಮುಗಿದ ಮೇಲೆ ನಾನು ಪೀಠಿಕೆ ಶುರು ಮಾಡಿದೆ. ವಯಸ್ಸು, ಜವಾಬ್ದಾರಿ, ಕಣ್ಣಿಗೆ ವಿಶ್ರಾಂತಿ. ಹಿರಿಯಕ್ಕಂದಿರು ಹೇಳುವ ಎಲ್ಲವನ್ನೂ ಹೇಳಿದೆ. ಮದುವೆಯ ಸೀಜನ್ ಮುಗಿದ ಮೇಲೆ ಹೊಸ ಕಂಪ್ಯೂಟರ್ ತರುವ ವಿಚಾರ ಇದ್ದೇ ಇದೆಯಲ್ಲ, ಅಲ್ಲಿಯವರೆಗೆ ಆಟ ಕಾಯಲಾರದೇ ಎಂದೂ ಕೇಳಿದೆ.

ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ.

"ಆಟ ಕಾಯ್ತೈತಿ ಅಕ್ಕ. ಕಣ್ಣು ಕಾಯಬೇಕಲ್ಲ."

ಸುನಂದಾ ತಾಟು ತೆಗೆಯುತ್ತಿದ್ದವಳು ಅಲ್ಲೇ ನಿಂತಳು.

ನಾನೂ ತಕ್ಷಣ ಬಿಡಲಿಲ್ಲ. ಕಣ್ಣು ಇರುವಷ್ಟು ದಿನ ನೋಡಲು ಬೇರೆ ಏನೂ ಇಲ್ಲವೇ? ಊರ ಪಕ್ಕದಲ್ಲೇ ಮಲಪ್ರಭೆಯ ನೀರು ನಿಂತಿದೆ, ಗುಡ್ಡಗಳಿವೆ. ಅವನ್ನು ಬಿಟ್ಟು ಯಾರೋ ಬರೆದ ಸುಳ್ಳು ಗುಡ್ಡ ನೋಡಬೇಕೇ?

ಅವನು ಸಿಟ್ಟಾಗಲಿಲ್ಲ. ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದ. "ಗುಡ್ಡದ ಮುಂದ ನಿಂತ್ರ ನನಗ ಗುಡ್ಡ ಕಾಣಂಗಿಲ್ಲ. ಒಂದ್ ಕಲ್ಲ ಕಾಣತೈತಿ. ಕುತಗಿ ತಿರುವಿದ್ರ ಇನ್ನೊಂದ್ ಕಲ್ಲ. ಎಲ್ಲಾ ಕೂಡಿಸಿ ಮನಸಿನ್ಯಾಗ ಗುಡ್ಡ ಮಾಡ್ಕೋಬೇಕು. ಇದರ ಮುಂದ ದೂರ ಕುಂತ್ರ ಇಡೀ ಗುಡ್ಡ ಒಮ್ಮೆಲೆ ಕಾಣತೈತಿ. ಆಕಾಶ ಸೈತ."

ಕಂಪ್ಯೂಟರಿನ ಪರದೆ ಸಣ್ಣದು. ಸ್ವಲ್ಪ ಹಿಂದೆ ಸರಿದು ಕೂತರೆ ಅದಷ್ಟೂ ಅವನ ಪೈಪಿನೊಳಗೆ ಹಿಡಿಸುತ್ತದೆ. ಲೋಕದಲ್ಲಿ ಅವನಿಗೆ ಅಂಚಿನಿಂದ ಅಂಚಿಗೆ ಪೂರ್ತಿ ಕಾಣುವ ಬಯಲು ಈಗ ಅದೊಂದೇ.

ಹಾಗಾದರೆ ಸಿನಿಮಾ ನೋಡಬಹುದಲ್ಲ ಎಂದೆ. (ಅಕ್ಕಂದಿರು ಇಷ್ಟಕ್ಕೆಲ್ಲ ಸೋಲುವುದಿಲ್ಲ.)

"ಸಿನಿಮಾದಾಗ ಅವರು ತೋರಿಸಿದ್ದು ನೋಡಬೇಕು. ಇದರಾಗ ನಾ ಹ್ವಾದಲ್ಲಿ ದಾರಿ. ಯಾರ ಹೆಗಲೂ ಹಿಡೀದಂಗ ನಡೀತೇನಿ."

ಅದನ್ನು ಹೇಳುವಾಗ ಅವನು ಸುನಂದಾಳ ಕಡೆ ನೋಡಲಿಲ್ಲ. ಇಷ್ಟು ದಿನ ಇದನ್ನೇಕೆ ಅವಳಿಗೆ ಹೇಳಲಿಲ್ಲವೋ ನನಗೆ ಆಗ ಅರ್ಥವಾಯಿತು. ಹೆಗಲು ಕೊಟ್ಟವಳ ಎದುರಿಗೆ ಹೆಗಲು ಬೇಡವೆನಿಸುತ್ತದೆ ಎಂದು ಹೇಗೆ ಹೇಳುವುದು?

ನಾವು 'ಟೈಮ್ ಪಾಸ್' ಎಂಬ ಮಾತನ್ನು ಎಷ್ಟು ಸಲೀಸಾಗಿ ಇನ್ನೊಬ್ಬರ ಮೇಲೆ ಎಸೆಯುತ್ತೇವೆ. ನನ್ನ ಲೈಬ್ರರಿಯಲ್ಲಿ ಕಾದಂಬರಿ ಹಿಡಿದು ಕೂತ ಹುಡುಗಿಯರಿಗೂ ಮನೆಯವರು ಅದನ್ನೇ ಅನ್ನುತ್ತಾರೆ. ಒಬ್ಬರು ಎಲ್ಲಿ ಕೂತು ಏನು ನೋಡುತ್ತಿದ್ದಾರೆ ಎಂಬುದು ನಮಗೆ ಕಾಣುತ್ತದೆ. ಅಲ್ಲಿ ಅವರಿಗೆ ಏನು ಸಿಗುತ್ತಿದೆ ಎಂಬುದು ಕಾಣುತ್ತದೆಯೇ?

ಸುನಂದಾ ತಾಟು ಒಳಗಿಟ್ಟು ಬಂದಳು. ಮೊದಲು ಮದುವೆಯ ವಿಡಿಯೋಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಹಾಕಿಕೊಂಡಳು. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಕರೆಂಟು ತೆಗೆದು, ಸ್ಕ್ರೂ ಬಿಚ್ಚಿ, ಡಬ್ಬಿಯ ಬಾಗಿಲು ತೆರೆದಳು. ಒಳಗೆ ಧೂಳು ಕಂಬಳಿಯ ಹಾಗೆ ಹಾಸಿತ್ತು. ಕ್ಯಾಮೆರಾ ಒರೆಸುವ ಬ್ರಷ್ ತಂದು ಫ್ಯಾನಿನ ಎಸಳು ಎಸಳನ್ನೂ ಸ್ವಚ್ಛ ಮಾಡಿದಳು. ಬಾಗಿಲು ಮುಚ್ಚಲೇ ಇಲ್ಲ. ಅಡುಗೆಮನೆಯ ಟೇಬಲ್ ಫ್ಯಾನ್ ತಂದು ಬಿಚ್ಚಿದ ಬದಿಗೆ ಗಾಳಿ ಬೀಸುವಂತೆ ಇಟ್ಟಳು. ಜ್ವರ ಬಂದವರಿಗೆ ಮಾಡುವ ಹಾಗೆಯೇ.

"ಹಚ್ಚರಿ ಈಗ," ಎಂದಳು.

ಆಟ ಶುರುವಾಯಿತು. ಸುನಂದಾ ಪಕ್ಕದಲ್ಲಿ ಕೂತು ಸೆಟ್ಟಿಂಗ್ ಎಲ್ಲ ಇಳಿಸಿದಳು. ನೆರಳು ತೆಗೆದಳು, ಹುಲ್ಲು ತೆಗೆದಳು, ನೀರಿನ ಹೊಳಪು ತೆಗೆದಳು. ಕಂಪ್ಯೂಟರಿಗೆ ಭಾರ ಕಡಿಮೆಯಾಗಲೆಂದು. ಕುದುರೆ ಸರಾಗವಾಗಿ ಓಡತೊಡಗಿತು. ನನಗೆ ಆಶ್ಚರ್ಯವಾಯಿತು. ಗೆದ್ದೆವು ಅಂದುಕೊಂಡೆ.

ಮಲ್ಲಿಕಾರ್ಜುನನ ಮುಖ ಅರಳಲಿಲ್ಲ. ನಾನು ಪರದೆಯನ್ನು ಸರಿಯಾಗಿ ನೋಡಿದೆ. ಗುಡ್ಡಗಳು ಕಲಸಿಟ್ಟ ಹಿಟ್ಟಿನ ಮುದ್ದೆಗಳ ಹಾಗಿದ್ದವು. ಮರಗಳಿಗೆ ಎಲೆಯಿಲ್ಲ. ಹೊಳೆ ಎಂದರೆ ಬೂದುಬಣ್ಣದ ಒಂದು ಪಟ್ಟಿ.

"ಓಡೂದು ಬ್ಯಾಡ. ಎಲ್ಲಾ ಹಾಕು," ಎಂದ.

ಸುನಂದಾ ಎಲ್ಲವನ್ನೂ ಮೇಲೇರಿಸಿದಳು. ಫ್ಯಾನು ಕೂಗಿತು. ಪರದೆ ಕಪ್ಪಾಗಿ ನಿಂತಿತು. ಈಗ ಸುಟ್ಟಿತು, ಆಗ ಸುಟ್ಟಿತು ಎಂದು ನಾನು ಸೆರಗು ಹಿಡಿದು ಕೂತೆ. ಆಮೇಲೆ ನಿಧಾನಕ್ಕೆ ನಾಡು ಬಂತು. ಎಷ್ಟು ಚೆಂದವಿತ್ತೆಂದು ಹೇಗೆ ಹೇಳಲಿ? ಒಂದೊಂದು ಹುಲ್ಲಿನೆಸಳೂ ಬೇರೆ ಬೇರೆ ಬಾಗಿತ್ತು.

ಆದರೆ ಕುದುರೆ ಓಡಲಿಲ್ಲ. ಒಂದು ಚಿತ್ರ, ತಡೆದು ಇನ್ನೊಂದು ಚಿತ್ರ, ಮತ್ತೆ ತಡೆದು ಮತ್ತೊಂದು. ದಾರಿಯಲ್ಲಿ ತೋಳಗಳು ಬಂದವು. ಇವನು ಗುಂಡಿ ಒತ್ತುವುದಕ್ಕೂ ಸವಾರ ಕತ್ತಿ ಎತ್ತುವುದಕ್ಕೂ ನಡುವೆ ತೋಳಗಳ ಊಟವೇ ಮುಗಿಯುತ್ತಿತ್ತು. ಸವಾರ ಸತ್ತ. ಮತ್ತೆ ಮೊದಲಿಂದ ಹೊರಟ. ಮತ್ತೆ ಸತ್ತ. ಪಕ್ಕದಿಂದ ಬರುವ ತೋಳ ಸುನಂದಾಳಿಗೆ ಮೊದಲೇ ಕಾಣುತ್ತಿತ್ತು. ತಡೆಯಲಾರದೆ ಅವಳು ಕೀಬೋರ್ಡಿಗೆ ಕೈ ಚಾಚಿದಳು.

"ಬಿಡು. ಸತ್ರ ಸಾಯ್ಲಿ. ನಾನ ಹೊಕ್ಕೇನಿ," ಎಂದ. ಗಟ್ಟಿಯಾಗಿ ಅನ್ನಲಿಲ್ಲ.

ಅವಳು ಕೈ ಹಿಂತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ತೋಳ ಬಂದಾಗಲೆಲ್ಲ ಆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತಿದ್ದವು. ಅವನು ಆಡುವುದನ್ನು ಬಿಟ್ಟು ನಾನು ಅದನ್ನೇ ನೋಡುತ್ತಿದ್ದೆ. ಸಹಾಯ ಮಾಡುವುದು ಕಷ್ಟವೆಂದು ತಿಳಿದಿದ್ದೆ. ಮಾಡದೆ ಕೂರುವುದು ಅದಕ್ಕಿಂತ ಕಷ್ಟ.

ಎಷ್ಟೋ ಸಲ ಸತ್ತು, ಎಷ್ಟೋ ಸಲ ಎದ್ದು, ಸವಾರ ಕೊನೆಗೆ ಒಂದು ಗುಡ್ಡದ ನೆತ್ತಿಗೆ ಬಂದ. ಮಲ್ಲಿಕಾರ್ಜುನ ಕೀಬೋರ್ಡಿನಿಂದ ಕೈ ತೆಗೆದ. ಕುದುರೆ ನಿಂತಿತು.

ನಿಂತ ಮೇಲೆ ಒಂದು ಸಂಗತಿ ಗೊತ್ತಾಯಿತು. ತಡವರಿಸುತ್ತಿದ್ದುದೆಲ್ಲ ಓಡುವಾಗ ಮಾತ್ರ. ನಿಂತವನ ಎದುರಿಗೆ ಈ ಹಳೆಯ ಕಂಪ್ಯೂಟರ್ ಹಾಸಿದ ಕಣಿವೆಗೂ ದೊಡ್ಡ ಊರಿನ ಹೊಸ ಕಂಪ್ಯೂಟರ್ ಹಾಸುವ ಕಣಿವೆಗೂ ನನ್ನ ಕಣ್ಣಿಗೆ ಏನೂ ಫರಕು ಇರಲಾರದು. ಕೆಳಗೆ ಹೊಳೆ, ಅದರಾಚೆ ಕಾಡು, ಅದರಾಚೆ ಹಿಮದ ಬೆಟ್ಟ. ಆಟದೊಳಗಿನ ಹೊತ್ತು ಮುಳುಗಿತು. ಕತ್ತಲಾಯಿತು. ನಕ್ಷತ್ರಗಳು ಬಂದವು.

ಮಲ್ಲಿಕಾರ್ಜುನ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡ. ಅವನು ರಾತ್ರಿಯ ಆಕಾಶ ನೋಡಿ ಎಷ್ಟು ವರ್ಷವಾಗಿತ್ತೋ. ಹೊರಗಿನ ಚುಕ್ಕಿಗಳ ಬೆಳಕು ಅವನ ಕಣ್ಣಿಗೆ ಸಾಲದು. ಇವು ಬಲ್ಬಿನ ಹಾಗೆ ಹೊಳೆಯುತ್ತಿದ್ದವು. ಇಳಿಹೊತ್ತಿನ ಬಿಸಿಲು ಕಿಟಕಿಯಲ್ಲಿತ್ತು, ಪೇಟೆಯಲ್ಲಿ ಟಂಟಂ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ನಾವು ಮೂವರೂ ರಾತ್ರಿಯನ್ನು ನೋಡುತ್ತಾ ಕುಳಿತಿದ್ದೆವು. ಅವನ ಗಲ್ಲ ಒದ್ದೆಯಾಗಿತ್ತು. ಒರೆಸಿಕೊಳ್ಳಲೂ ಇಲ್ಲ. ನೋಡುವುದು ತಪ್ಪುತ್ತದಲ್ಲ.

ಕಂಪ್ಯೂಟರ್ ಸುಡಲಿಲ್ಲ. ಈಗ ಅವರಿಬ್ಬರ ನಡುವೆ ಒಂದು ಒಪ್ಪಂದವಾಗಿದೆ. ಎಡಿಟಿಂಗ್ ಮುಗಿದು, ವಿಡಿಯೋಗಳು ಬೇರೆ ಡಿಸ್ಕಿಗೆ ಹೋದ ಮೇಲೆ ಆಟ. ಡಬ್ಬಿಯ ಬಾಗಿಲು ತೆರೆದೇ ಇರುತ್ತದೆ. ಅಡುಗೆಮನೆಯ ಫ್ಯಾನು ವಾಪಸು ಹೋಗಿಲ್ಲ, ಸುನಂದಾ ಸೆಕೆಯಲ್ಲೇ ರೊಟ್ಟಿ ಬಡಿಯುತ್ತಾಳೆ. ಆಟದ ಕಥೆ ಎಲ್ಲಿಗೆ ಬಂತು ಎಂದು ಫೋನಿನಲ್ಲಿ ಕೇಳಿದರೆ ಅವನು ಕಥೆಯ ಮಾತೇ ಎತ್ತುವುದಿಲ್ಲ. ಇವತ್ತು ಒಂದು ಕೆರೆ ಸಿಕ್ಕಿತು, ಮಂಜು ಬಿದ್ದಿತ್ತು ಎಂದು ಹೇಳುತ್ತಾನೆ. ಇಷ್ಟು ದಿನ ಬೇಡವೆನ್ನುತ್ತಿದ್ದ ಬಿಳಿ ಕೋಲನ್ನು ಹಿಡಿದು ನಡೆಯಲು ಕಲಿಯುವುದಕ್ಕೆ ಬೆಳಗಾವಿಗೆ ಹೋಗಿಬರುತ್ತಿದ್ದಾನೆ. ಅದು ಆಟದಿಂದ ಆದದ್ದು ಎಂದು ನಾನು ಹೇಳಲಾರೆ. ಅವನೂ ಹೇಳಿಲ್ಲ.

ಆದರೆ ಪ್ರತಿ ಸಲ ಹೋದಾಗಲೂ ಕುರ್ಚಿ ಗೋಡೆಯ ಕಡೆಗೆ ಇನ್ನಷ್ಟು ಸರಿದಿರುತ್ತದೆ. ಪೈಪು ಸಣ್ಣದಾದಂತೆಲ್ಲ ಅವನು ದೂರ ಕೂರಬೇಕು. ಆ ಕೋಣೆ ದೊಡ್ಡದಲ್ಲ.

ಹೋದ ವಾರ ಸುನಂದಾ ನನ್ನನ್ನು ಬಸ್ಸಿಗೆ ಬಿಡಲು ಸ್ಟ್ಯಾಂಡಿನವರೆಗೆ ಬಂದಳು. ಬೈಲಹೊಂಗಲದ ಬಸ್ಸು ಇನ್ನೂ ಬಂದಿರಲಿಲ್ಲ. ನನ್ನ ಚೀಲ ಹಿಡಿದುಕೊಂಡು ನಿಂತವಳು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದಳು. ಹತ್ತಿರ ಕೂತರೆ ಅವನಿಗೆ ಅವಳ ಒಂದು ಕಣ್ಣೋ ಮೂಗೋ ಅಷ್ಟೇ ಕಾಣುತ್ತದಂತೆ. ಈಗೀಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಅವನ ಜೊತೆ ಮಾತಾಡುತ್ತಾಳಂತೆ. ಆಮೇಲೆ ಕೇಳಿದಳು.

"ಅಕ್ಕಾರ, ಅವರಿಗಿ ನನ್ನ ಮಾರಿ ಪೂರಾ ಕಾಣಬೇಕಂದ್ರ ಮುಂದ ನಾ ಎಷ್ಟ್ ದೂರ ಹೋಗಿ ನಿಂದರಬೇಕ್ರಿ?"