ಬೂದಿ ಕಲಸಿದ ಎರೆಮಣ್ಣಿನ ದಾರಿ

ಸವಡಿಯ ಹೊಲಗಳಿಗೆ ಹೋಗುವ ದಾರಿಯೊಂದನ್ನು ಗಟ್ಟಿಮಾಡುವುದು ಇಂಜಿನಿಯರ್ ಆಗಿ ನನ್ನ ಮೊದಲ ಕೆಲಸ. ಗಜೇಂದ್ರಗಡದಿಂದ ರೋಣಕ್ಕೆ ಒಂದು ಬಸ್ಸು, ಅಲ್ಲಿಂದ ಸವಡಿಗೆ ಇನ್ನೊಂದು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಮೇಲೆ ಎಂಥ ರಸ್ತೆ ಹಾಕಿದರೂ ಎರಡೇ ವರ್ಷಕ್ಕೆ ಹಾವಿನಂತೆ ಹೊರಳುತ್ತದೆ. ಅದಕ್ಕೇ ವಿದ್ಯುತ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಟ್ಟು ಉಳಿದ ಬೂದಿಯನ್ನು ಸುಣ್ಣದ ಜೊತೆ ಮಣ್ಣಿಗೆ ಕಲಸುವುದೆಂದು ಠರಾವಾಗಿತ್ತು. ಮೊದಲು ದಾರಿಯ ಒಂದು ತುಂಡನ್ನಷ್ಟೇ ಮಾಡಿ ನೋಡಬೇಕಿತ್ತು.

ದಾರಿಯ ಪಕ್ಕದ ಮನೆಯ ಅಜ್ಜಿ ಮೊದಲ ಲಾರಿ ಬಂದಾಗಲೇ ಕಟ್ಟೆಯ ಮೇಲೆ ಕುಳಿತಳು.

"ಯಾರ ಮನಿ ಒಲಿ ಬೂದಿನ ತಂಗಿ ಇದು, ಇಷ್ಟೊಂದು?"

"ಕರೆಂಟ್ ಮಾಡೂ ಕಾರ್ಖಾನಿದು ಅಜ್ಜಿ."

"ರಸ್ತಾಕ್ಕ ವಿಭೂತಿ ಹಚ್ಚತೀರೇನು ಹಂಗಾರ?"

ಟ್ರ್ಯಾಕ್ಟರ್ ಓಡಿಸುತ್ತಿದ್ದ ಚಾಚಾ ನಕ್ಕ ನಗೆಗೆ ಇಂಜಿನ್ನಿನ ಸದ್ದೇ ಅಡಗಿತು. ಸಂಜೆ ತುಂಡು ಹಾಸಿ ಮುಗಿದಾಗ ಕಲಸಿದ ಮಣ್ಣು ಒಂದಿಷ್ಟು ಉಳಿಯಿತು. ಎಮ್ಮೆ ಕೊಟ್ಟಿಗೆಗೆ ಬೇಕೆಂದು ಅಜ್ಜಿ ಹಟ ಹಿಡಿದಳು. "ಸುಣ್ಣ ಐತಿ, ಕೈ ಸುಡತೈತಿ" ಎಂದೆ. "ಸುಣ್ಣ ನನಗ ಹೊಸಾದಲ್ಲ" ಎಂದು ಸಲಿಕೆ ಹಿಡಿದು ಬಂದಳು. ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿದಳು.

ಹಾಸಿದ ಮಣ್ಣು ಬಿಗಿಯಲು ಏಳು ದಿನ ಹಸಿಯಾಗಿರಬೇಕು. ಅಷ್ಟರಲ್ಲಿ ನರಗುಂದದ ಕಡೆ ನನಗೆ ಬೇರೆ ಕೆಲಸ ಬಂತು. "ಟ್ಯಾಂಕರ್ ದಿನಾ ನೀರು ಹೊಡೆಯುತ್ತದೆ" ಎಂದು ವಹಿಯಲ್ಲಿ ಚೆಂದವಾಗಿ ಬರೆದಿಟ್ಟು ಹೋದೆ. ಹತ್ತು ದಿನದ ಮೇಲೆ ಬಂದು ನೋಡುತ್ತೇನೆ, ನನ್ನ ತುಂಡು ಒಣಗಿದ ಬೇಸನ್ ಉಂಡೆಯಂತೆ ಕಾಲಿಗೆ ಪುಡಿಪುಡಿ. ಟ್ಯಾಂಕರ್ ಬಂದೇ ಇರಲಿಲ್ಲ, ನಾನೂ ಒಂದು ಫೋನು ಮಾಡಿ ಕೇಳಿರಲಿಲ್ಲ.

ಚಾಚಾ ಮೆಲ್ಲಗೆ, "ಮೇಡಂ, ಒಮ್ಮೆ ಅಜ್ಜಿ ಕೊಟ್ಟಗಿ ನೋಡ ಬರ್ರಿ" ಎಂದರು.

ಕೊಟ್ಟಿಗೆಯ ನೆಲಕ್ಕೆ ಹಾರೆಯಿಂದ ಕುಟ್ಟಿದರು. ಠಣ್ ಎಂದಿತು.

"ಅಜ್ಜಿ, ಹ್ಯಾಂಗ ಮಾಡಿದಿ?" ಎಂದೆ.

"ಹ್ಯಾಂಗಂದ್ರ? ಹೆಂಟಿ ಒಡದೆ, ಬಡಿಗಿಲೆ ಬಡದೆ, ಹಸಿ ಗೋಣಿ ಹೊಚ್ಚಿದೆ. ದಿನಾ ಎರಡ ಹೊತ್ತು ನೀರ ಹೊಡದೆ. ಹಸಗೂಸು ಇದ್ದಂಗ ಅದು, ಜ್ವಾಕಿ ಮಾಡಬೇಕು. ನೀ ಹಡದು ಬಿಟ್ಟು ಹೋದಿ!"

ಕಾಲೇಜಿನಲ್ಲಿ ಇದನ್ನೇ ನಾಲ್ಕು ಪುಟ ಬರೆದು ಪಾಸಾಗಿದ್ದೆ. ನಾಚಿಕೆಯಾಯಿತು, ಆದರೂ ನಗು ತಡೆಯಲಾಗಲಿಲ್ಲ.

ಮರುದಿನ ಆ ತುಂಡನ್ನು ಅಗೆಸಿ ಹೊಸದಾಗಿ ಶುರುಮಾಡಿದೆವು. ಹೆಂಟೆಗಳು ಪುಡಿಯಾಗುವವರೆಗೆ ಚಾಚಾ ಮೂರು ಸಲ ಟ್ರ್ಯಾಕ್ಟರ್ ತಿರುಗಿಸಿದರು. ಅಜ್ಜಿ ಮೊಣಕಾಲುದ್ದದ ಕೋಲು ಹಿಡಿದು ದಾರಿಯುದ್ದಕ್ಕೂ ನಡೆದು, ಸಿಕ್ಕ ಒಂದೊಂದು ಹೆಂಟೆಯನ್ನೂ ನನಗೆ ತೋರಿಸಿದಳು. ಏಳು ದಿನ ನಾನೇ ನಿಂತು ನೀರು ಹೊಡೆಸಿದೆ. ಅಜ್ಜಿ ಕೊಟ್ಟ ಗೋಣಿಚೀಲ ಸಾಲದೆ ಓಣಿಯವರೆಲ್ಲ ತಂದು ಹೊಚ್ಚಿದರು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಬೆಳಿಗ್ಗೆ ಬಸ್ಸಿಳಿದವಳೇ ದಾರಿಯ ಕಡೆ ಓಡಿದೆ. ದಾರಿ ಅಲುಗದೆ ನಿಂತಿತ್ತು! ಚರಂಡಿ ತೆಗೆಯದ ಒಂದು ಮೂಲೆ ಮಾತ್ರ ತುಸು ಕುಸಿದಿತ್ತು. ಅಜ್ಜಿ ಎಮ್ಮೆ ಹಿಂಡಿ ಕಟ್ಟೆಗೆ ಬರುವುದರೊಳಗೆ ಅದಕ್ಕೊಂದು ಗತಿ ಕಾಣಿಸಬೇಕೆಂದು ನಾನೂ ಚಾಚಾನೂ ಗಡಿಬಿಡಿಯಿಂದ ಸಲಿಕೆ ಹಿಡಿದೆವು.